ಬೀರುವಿನ ಹಿಂದಿನ ನೆಂಟರು

ಹೆದರುವುದರಲ್ಲಿ ಕನ್ನಡಕದವನಿಗೆ ಸಾಟಿಯಾದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅಂಚೆಯವನು ಬಾಗಿಲು ಬಡಿದರೆ ಹೆದರುತ್ತಿದ್ದ. ಬಡಿಯದೆ ಮುಂದೆ ಹೋದರೆ ಯಾವ ಕಾಗದ ಕಳೆದುಹೋಯಿತೋ ಎಂದು ಹೆದರುತ್ತಿದ್ದ. ಅಂಗಡಿಯಲ್ಲಿ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಗಿರಾಕಿಯ ಮೂಗಿನ ಮೇಲಿಟ್ಟು "ಈಗ ಕಾಣುತ್ತಾ?" ಎಂದು ಕೇಳುವುದು ಅವನ ಇಪ್ಪತ್ತು ವರ್ಷದ ಕೆಲಸ. "ಊಹೂಂ" ಎಂದು ಯಾರಾದರೂ ಅಂದರೆ ತನ್ನ ಕಣ್ಣೇ ಹೋದವನಂತೆ ಬೆವರುತ್ತಿದ್ದ. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ಸಗಟು ಹೆದರಿಕೆ ಒಂದೇ ಒಂದು: "ಮನೆ ಖಾಲಿ ಮಾಡಿ" ಎಂದು ಮಾಲೀಕರು ಅಂದುಬಿಟ್ಟರೆ?

ಮನೆ ಎಂದರೆ ಮೂರಂತಸ್ತಿನ ಹಳೆಯ ಕಟ್ಟಡದ ನಡುವಿನ ಅಂತಸ್ತಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಂಗಡಿಗೆ ನಡೆದೇ ಹೋಗಬಹುದು. ಮಗಳ ಶಾಲೆಯ ಗಂಟೆ ಕಿಟಕಿಗೇ ಕೇಳುತ್ತದೆ. ಹೆಂಡತಿ ಕೆಲಸ ಮಾಡುವ ಲಾಂಡ್ರಿ ಮುಂದಿನ ತಿರುವಿನಲ್ಲಿ. ಬಾಡಿಗೆಯೋ, ಸುತ್ತಮುತ್ತಲ ಬಾಡಿಗೆಯ ಮುಂದೆ ಇಲ್ಲವೆನ್ನುವಷ್ಟು ಕಡಿಮೆ. ಈ ಮನೆ ಕೈತಪ್ಪಿದರೆ ಊರಾಚೆ ಹೋಗಬೇಕು, ಅಲ್ಲೂ ಗಿಟ್ಟದಿದ್ದರೆ ಅದರಾಚೆ. ಅದರಾಚೆ ಏನಿದೆಯೆಂದು ಯೋಚಿಸಲು ಕೂತರೆ ಕನ್ನಡಕದವನು ಎದ್ದು ಹೋಗಿ ಬಾಗಿಲ ಚಿಲಕವನ್ನು ಇನ್ನೊಮ್ಮೆ ನೋಡಿ ಬರುತ್ತಿದ್ದ.

ಇಂಥ ಮನೆಯ ಗೋಡೆಗೆ ಬೂಷ್ಟು ಹಿಡಿಯಿತು.

ಮೊದಲ ವರ್ಷ ಬೀರುವಿನ ಹಿಂದೆ ಹೆಬ್ಬೆರಳ ಗುರುತಿನಷ್ಟಿತ್ತು. ಮರುವರ್ಷ ತಟ್ಟೆಯಷ್ಟಾಯಿತು. ಮೂರನೆಯ ವರ್ಷ ಬೀರುವಿನ ಆಚೀಚೆ ಇಣುಕಿತು. ನಡುವೆ ಕಪ್ಪು, ಅಂಚಿಗೆ ಹಸಿರು, ಮೇಲೆ ನವಿರಾದ ಬಿಳಿ ರೋಮ. ಹೆಂಡತಿ ಪ್ರತಿ ಭಾನುವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಿದ್ದಳು. ಬುಧವಾರದ ಹೊತ್ತಿಗೆ ಅದು ಮತ್ತೆ ಹಾಜರಾಗುತ್ತಿತ್ತು. ಅದರ ಪಕ್ಕದಲ್ಲೇ ಮಗಳ ಮಂಚ. ಇರುವ ಎರಡು ಕೋಣೆಯಲ್ಲಿ ಮಂಚ ಹಾಕಲು ಬೇರೆ ಜಾಗವಿರಲಿಲ್ಲ.

"ರೀ, ಮಾಲೀಕರಿಗೆ ಒಂದು ಮಾತು ಹೇಳಿಬಿಡಿ. ಮಗು ಕೆಮ್ಮೋದು ನೋಡೋಕಾಗಲ್ಲ" ಎಂದು ಹೆಂಡತಿ ನೂರು ಸಲ ಹೇಳಿದ್ದಳು.

"ಟೈಲರ್ ಹೇಳಿದ. ಏನಾಯ್ತು?" ಎಂದು ಅವನೂ ನೂರು ಸಲ ಕೇಳಿದ್ದ.

ಟೈಲರ್ ಎಂದರೆ ಕೆಳಗಿನ ಮನೆಯವನು. ಗೋಡೆ ಬೂಷ್ಟು ಹಿಡಿದಿದೆ ಎಂದು ಮಾಲೀಕರಿಗೆ ದೂರು ಕೊಟ್ಟಿದ್ದ. "ಒಂದು ತಿಂಗಳು ಬೇರೆ ಕಡೆ ಇರಪ್ಪ, ಗಾರೆ ಕಿತ್ತು ಹೊಸದಾಗಿ ಮಾಡಿಸ್ತೀನಿ" ಎಂದರು ಮಾಲೀಕರು. ಅವನು ಹೊಲಿಗೆ ಯಂತ್ರ ಹೊತ್ತುಕೊಂಡು ಹೋದ. ಗೋಡೆ ಹೊಸದಾಯಿತು, ಬಾಡಿಗೆ ಹೊಸದಾಯಿತು, ಬಾಡಿಗೆದಾರನೂ ಹೊಸಬನಾದ. ಟೈಲರ್ ಮಾತ್ರ ಮರಳಲಿಲ್ಲ. ಅಂದಿನಿಂದ ಆ ಕಟ್ಟಡದಲ್ಲಿ ಬೂಷ್ಟು ಎಂಬ ಪದವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಎಲ್ಲರ ಗೋಡೆಯ ಮೇಲೂ ಅದು ಇತ್ತು, ಯಾರ ಬಾಯಲ್ಲೂ ಇರಲಿಲ್ಲ.

ಆದರೂ ಕಷ್ಟಸುಖ ಮಾತಾಡಬೇಕಲ್ಲ? ಅದಕ್ಕೊಂದು ಉಪಾಯ ಹುಡುಕಿದವನು ನಮ್ಮ ಕನ್ನಡಕದವನೇ. "ನೆಂಟರು ಅನ್ನೋಣ. ಯಾರು ಕೇಳಿಸಿಕೊಂಡ್ರೂ ಅನುಮಾನ ಬರಲ್ಲ" ಎಂದ. ಜೀವಮಾನದಲ್ಲಿ ಅವನ ಬುದ್ಧಿಯನ್ನು ನಾಲ್ಕು ಜನ ಮೆಚ್ಚಿದ್ದು ಅದೇ ಮೊದಲು. ಎಂಟು ದಿನ ಎದೆ ಮುಂದೆ ಮಾಡಿಕೊಂಡು ಓಡಾಡಿದ.

ಮಾಲೀಕರು ನಿವೃತ್ತ ಹೆಡ್‌ಮೇಷ್ಟ್ರು. ಎದುರು ಮನೆಯಲ್ಲೇ ವಾಸ. ಮಂಡಿನೋವಿನಿಂದಾಗಿ ಬಾಡಿಗೆಯವರ ಮೆಟ್ಟಿಲು ಹತ್ತಿ ಮೂರ್ನಾಲ್ಕು ವರ್ಷವಾಗಿತ್ತು. ಆದರೆ ತಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಯಾರು ಒಳಗೆ ಹೋದರು ಯಾರು ಹೊರಗೆ ಬಂದರು ಎಂದು ದಿನವಿಡೀ ನೋಡುತ್ತಿದ್ದರು. ಅವರು "ಏನಯ್ಯಾ" ಎಂದರೆ ಸಾಕು, ಮೊಮ್ಮಕ್ಕಳನ್ನು ಕಂಡ ಬಾಡಿಗೆಯವರೂ ಕೈಕಟ್ಟಿ ನಿಲ್ಲುತ್ತಿದ್ದರು.

ಒಂದು ಬುಧವಾರ ಅವರು ಕಣ್ಣು ತೋರಿಸಲು ಅಂಗಡಿಗೆ ಬಂದರು. ಕನ್ನಡಕದವನು ಅವರನ್ನು ಪರದೆಯ ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಫ್ರೇಮ್ ಹಾಕಿ, ಒಂದು ಕಣ್ಣಿಗೆ ಕಪ್ಪು ಬಿಲ್ಲೆ ಮುಚ್ಚಿ, "ಅಕ್ಷರ ಓದ್ತಾ ಇರಿ ಸಾರ್, ಬಂದೆ" ಎಂದು ಇನ್ನೊಂದು ಗಾಜು ತರಲು ಆಚೆಗೆ ಬಂದ. ಅಷ್ಟರಲ್ಲಿ ಮೇಲಿನ ಮನೆಯ ಟೈಪಿಸ್ಟ್ ಅಕ್ಕ, ನ್ಯಾಯಾಲಯದಲ್ಲಿ ಮೂವತ್ತು ವರ್ಷ ಟೈಪ್ ಹೊಡೆದು ನಿವೃತ್ತರಾದವರು, ಕನ್ನಡಕದ ತಿರುಪು ಸಡಿಲವಾಗಿದೆಯೆಂದು ಬಂದರು.

"ನಿಮ್ಮನೆ ನೆಂಟರು ಹೇಗಿದ್ದಾರಪ್ಪಾ?" ಎಂದರು ಅಕ್ಕ.

ತಿರುಪು ಕಂಡರೆ ಲೋಕ ಮರೆಯುವ ಸ್ವಭಾವ ಅವನದು. "ಏನು ಹೇಳಲಿ ಅಕ್ಕಾ! ಬೀರುವಿನ ಹಿಂದೆ ತೆಪ್ಪಗಿದ್ದೋರು ಈಗ ಮಗಳ ಮಂಚದ ತನಕ ಬಂದಿದ್ದಾರೆ."

"ನಮ್ಮನೇವರು ಸೂರು ಹತ್ತಿದ್ದಾರೆ."

"ಇವಳು ಭಾನುವಾರ ಬ್ಲೀಚಿಂಗ್ ಪೌಡರ್ ಹಾಕಿ, ತಂತಿ ಬ್ರಷ್ಷಲ್ಲಿ ಕೈ ಸೋಲೋ ತನಕ ಉಜ್ಜಿದಳು. ಎರಡು ದಿನ ಸುಮ್ಮನಿದ್ರು. ಮತ್ತೆ ಶುರು."

"ಬಿಸಿನೀರು ಹಾಕಿ ನೋಡಿದ್ರಾ?"

"ಕುದಿಯೋ ನೀರೇ ಹಾಕಿದ್ವಿ ಅಕ್ಕಾ. ಇನ್ನಷ್ಟು ಹಿಗ್ಗಿದ್ರು."

ಪರದೆ ಸರ್ರೆಂದು ಸರಿಯಿತು. ಒಂದು ಕಣ್ಣಿಗೆ ಕಪ್ಪು ಬಿಲ್ಲೆ, ಇನ್ನೊಂದು ಕಣ್ಣಿಗೆ ದಪ್ಪ ಗಾಜು, ಎರಡೂ ಕಿವಿ ನೆಟ್ಟಗೆ, ಹೆಡ್‌ಮೇಷ್ಟ್ರು ನಿಂತಿದ್ದರು.

"ಏನಯ್ಯಾ, ನಿನ್ನ ಹೆಂಡತಿ ಮನೆಗೆ ಬಂದ ನೆಂಟರನ್ನ ತಂತಿ ಬ್ರಷ್ಷಲ್ಲಿ ಉಜ್ಜುತ್ತಾಳಾ?"

ಅಕ್ಕ ತಿರುಪನ್ನೂ ಬಿಟ್ಟು, ಕನ್ನಡಕವನ್ನೂ ಬಿಟ್ಟು, ಗೋಡೆ ಹಿಡಿದುಕೊಂಡು ಬೀದಿಗಿಳಿದರು. ಸತ್ಯ ಹೇಳಿದರೆ ಟೈಲರ್‌ನ ಗತಿ. ಕನ್ನಡಕದವನು ಬಾಯಿಗೆ ಮೊದಲು ಬಂದವರನ್ನೇ ಮುಂದೆ ತಳ್ಳಿದ.

"ಅದೂ... ನಮ್ಮತ್ತೆ ಸಾರ್. ಮೈಕೈ ನೋವು. ಉಜ್ಜಿಸ್ಕೋತಾರೆ."

"ಬಂದು ಎಷ್ಟು ದಿನ ಆಯ್ತು?"

"ಮೂರು ವರ್ಷ" ಎಂದುಬಿಟ್ಟ. ನಿಜ ಹೇಳುವ ಚಾಳಿ ಅಷ್ಟು ಬೇಗ ಹೋಗುತ್ತದೆಯೇ?

"ಮೂರು ವರ್ಷ! ನಾನು ಬಾಲ್ಕನಿಯಲ್ಲಿ ಕೂತು ಒಂದು ದಿನವೂ ನೋಡಿಲ್ಲ! ಯಾವಾಗ ಹೋಗ್ತಾರೆ?"

"ಬಿಸಿಲು ಚೆನ್ನಾಗಿ ಬಿದ್ರೆ ಹೋಗಬಹುದು ಸಾರ್."

ಹೆಡ್‌ಮೇಷ್ಟ್ರು ಫ್ರೇಮ್ ಕಳಚಿ ಮೇಜಿನ ಮೇಲಿಟ್ಟರು. "ಕರಾರಿನಲ್ಲಿ ಮೂರೇ ಜನ ಅಂತಿದೆ. ಕದ್ದುಮುಚ್ಚಿ ನಾಲ್ಕನೆಯವರನ್ನ ಇಟ್ಟುಕೊಂಡರೆ ಖಾಲಿ ಮಾಡಿಸಬಹುದು ಅಂತಾನೂ ಇದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೇ ಬಂದು ಹಾಜರಿ ತಗೋತೀನಿ."

ಅವನು ಈ ಸಂಗತಿಯನ್ನು ಹೆಂಡತಿಗೆ ಹೇಳಲಿಲ್ಲ. ಶನಿವಾರದೊಳಗೆ ಏನಾದರೂ ಆದೀತು ಎಂದುಕೊಂಡ. ಗುರುವಾರವೇ ಆಯಿತು.

ಸಂಜೆ ಮಗಳು ಕೆಮ್ಮಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಒಂಬತ್ತು ವರ್ಷದ ಮಗು, ಎರಡು ಕೈಯನ್ನೂ ಮಂಚದ ಅಂಚಿಗೆ ಊರಿ ಉಸಿರನ್ನು ಎಳೆದು ಎಳೆದು ತೆಗೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಒಳಗಡೆ ಸಣ್ಣ ಸೀಟಿಯ ಸದ್ದು. ಹೆಂಡತಿ ಲಾಂಡ್ರಿಯಿಂದ ಬಂದಿರಲಿಲ್ಲ. ಕನ್ನಡಕದವನು ಮಗಳನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು, ಕ್ಲಿನಿಕ್ಕಿಗೆ ಓಡಿದ. ಆ ಹೊತ್ತಿನಲ್ಲಿ ಅವನಿಗೆ ಬೇರೆ ಯಾವ ಹೆದರಿಕೆಯೂ ನೆನಪಿರಲಿಲ್ಲ.

ಡಾಕ್ಟರು ಆವಿ ಕೊಡಿಸಿ, ಉಸಿರು ಸ್ವಲ್ಪ ಸರಾಗವಾದ ಮೇಲೆ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಕೇಳಿದರು. "ಎಷ್ಟು ದಿನದಿಂದ ಹೀಗೆ? ಮನೆಯಲ್ಲಿ ತೇವ ಇದೆಯಾ? ಬೂಷ್ಟು ಗೀಷ್ಟು?"

ಕನ್ನಡಕದವನು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲ ಬಳಿ ಔಷಧಿ ಪೊಟ್ಟಣ ಕಟ್ಟುತ್ತಿದ್ದ ಕಾಂಪೌಂಡರ್ ತಲೆ ಎತ್ತಿದ. ಕಾಂಪೌಂಡರ್ ಹೆಡ್‌ಮೇಷ್ಟ್ರ ತಮ್ಮನ ಮಗ. ಇವನ ತೆರೆದ ಬಾಯಿ ಅರ್ಧ ಮುಚ್ಚಿಕೊಂಡಿತು.

"ಬೂ... ಇಲ್ಲ ಸಾರ್. ನೆಂಟರಿದ್ದಾರೆ" ಎಂದ, ಕಣ್ಣುಹುಬ್ಬು ಹಾರಿಸುತ್ತ. ಡಾಕ್ಟರು ಓದಿದವರು, ಅರ್ಥ ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ.

"ನೆಂಟರಿದ್ದರೆ?"

"ಅವರಿಂದಲೇ ಸಾರ್ ಕೆಮ್ಮು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರು ಮಗುವಿನ ಹತ್ತಿರ ಮಲಗ್ತಾರಾ?"

"ತಲೆದಿಂಬಿಗೆ ಒಂದು ಗೇಣು ದೂರ."

"ಮೈ ಬಣ್ಣ ಹೇಗಿದೆ?"

"ಕಪ್ಪು ಸಾರ್. ಅಂಚಲ್ಲಿ ಹಸಿರು."

"ಹಸಿರಾ!"

"ಮೇಲೆ ಬಿಳೀ ರೋಮ" ಎಂದು ಮಗಳು ಸೇರಿಸಿದಳು. ಆ ಪದ ಆಡಬಾರದೆಂದು ಅಪ್ಪ ಕಲಿಸಿದ್ದನೇ ಹೊರತು ಬಣ್ಣ ಹೇಳಬಾರದೆಂದು ಕಲಿಸಿರಲಿಲ್ಲ.

ಡಾಕ್ಟರು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡು, ಆರೋಗ್ಯ ಇಲಾಖೆಗೆ ಫೋನು ಹಚ್ಚಿದರು.

ಮರುದಿನ ಶುಕ್ರವಾರ. ಕಾಂಪೌಂಡರ್ ಚಿಕ್ಕ ಪೊಟ್ಟಣಗಳ ಜೊತೆಗೆ, ಮಾಲೀಕರಿಂದ ಕೇಳಿದ ಅತ್ತೆಯ ಕಥೆಯನ್ನೂ ಸೇರಿಸಿ, ಈ ದೊಡ್ಡ ಪೊಟ್ಟಣವನ್ನೂ ಬೀದಿಗೆಲ್ಲ ಹಂಚಿದ್ದ. ದಿನಸಿ ಅಂಗಡಿಯವನು ಕನ್ನಡಕದವನಿಗೆ ಸಾಬೂನನ್ನು ಕೋಲಿನಿಂದ ತಳ್ಳಿದ. ಅಂಗಡಿಯ ಯಜಮಾನರು ಗಾಜಿನ ಬಾಗಿಲಿನ ಒಳಗಿನಿಂದಲೇ ಕೈಯಾಡಿಸಿ "ನಾಲ್ಕು ದಿನ ರಜಾ ತಗೊಳ್ಳಪ್ಪಾ" ಎಂದರು. ಮೂರನೆಯ ಬಾಯಿ ತಲುಪುವ ಹೊತ್ತಿಗೆ ಸುದ್ದಿ ಇಷ್ಟಾಗಿತ್ತು: ಕನ್ನಡಕದವನು ರೋಗದ ಅತ್ತೆಯನ್ನು ಮೂರು ವರ್ಷದಿಂದ ಬೀರುವಿನ ಹಿಂದೆ ಕೂಡಿಹಾಕಿದ್ದಾನೆ, ಪಾಪ, ಆಕೆಯ ಮೈ ಹಸಿರಾಗಿದೆ.

ಸುದ್ದಿ ಆ ಹಸಿರು ಅತ್ತೆಯನ್ನೂ ತಲುಪಿತು. ಸಂಜೆ ಐದಕ್ಕೆ ಅವರು ಬಸ್ಸಿನಿಂದಿಳಿದು, ಒಂದು ಚೀಲ, ಒಂದು ಕೊಡೆಯೊಂದಿಗೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಅಳಿಯಂದ್ರೇ, ನನ್ನ ಮೈಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ರಂತೆ. ಎಷ್ಟು ಬೆಳ್ಳಗಾದೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ."

ಲಾಂಡ್ರಿಯಲ್ಲೂ ಯಾರೂ ಪಕ್ಕದಲ್ಲಿ ನಿಲ್ಲದೆ ಬೇಗ ಮನೆಗೆ ಬಂದಿದ್ದ ಹೆಂಡತಿ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಆಮೇಲೆ ಎಲ್ಲವನ್ನೂ ಹೇಳಿದ. ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಒಂದು ಪದ ಹೇಳೋಕೆ ಹೆದರಿ ನಮ್ಮಮ್ಮನ್ನ ಗೋಡೆಗೆ ಅಂಟಿಸಿದ್ರಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಕೊನೆಯ ಬಸ್ಸು ಹೋಗಿತ್ತು. ಅತ್ತೆ ಮೊಮ್ಮಗಳ ಪಕ್ಕದಲ್ಲಿ ಮಲಗಿದರು. ಬೆಳಗಾಗುವಷ್ಟರಲ್ಲಿ ಅವರಿಗೂ ಗಂಟಲು ಕಟ್ಟಿ, ಅಜ್ಜಿ ಮೊಮ್ಮಗಳು ಸರದಿಯ ಮೇಲೆ ಕೆಮ್ಮುತ್ತಿದ್ದರು.

ಶನಿವಾರ ಹತ್ತು ಗಂಟೆ. ಹೆಡ್‌ಮೇಷ್ಟ್ರು ಮೆಟ್ಟಿಲಿಗೊಂದು ನರಳಾಟದಂತೆ ಏರಿ ಬಂದರು. ಕಂಕುಳಲ್ಲಿ ಕರಾರುಪತ್ರ, ಜೇಬಿನಲ್ಲಿ ಕೆಂಪು ಪೆನ್ನು. ಅವರ ಹಿಂದೆಯೇ ಮುಖಗವಸು ಹಾಕಿದ ಆರೋಗ್ಯಾಧಿಕಾರಿಣಿ, ಅವರ ಹಿಂದೆ ಇಬ್ಬರು ಸಹಾಯಕರು ಮತ್ತು ಒಂದು ಮಡಚುವ ಸ್ಟ್ರೆಚರ್. ಕೆಳಗೆ ಬೀದಿಯಲ್ಲಿ ಆಂಬುಲೆನ್ಸ್. ಮೆಟ್ಟಿಲ ಮೇಲೆ, ಸುರಕ್ಷಿತ ದೂರದಲ್ಲಿ, ಉಳಿದ ಐದು ಮನೆಯವರು.

"ರೋಗಿ ಯಾರು?" ಎಂದರು ಅಧಿಕಾರಿಣಿ.

ಅತ್ತೆ ಉತ್ತರ ಕೊಡಲು ಬಾಯಿ ತೆರೆದರು, ಬಂದದ್ದು ಕೆಮ್ಮು. ಅಧಿಕಾರಿಣಿ ಬರೆದುಕೊಂಡರು.

"ನಾಲ್ಕನೆಯವರು!" ಎಂದು ಹೆಡ್‌ಮೇಷ್ಟ್ರು ಬೆರಳು ತೋರಿಸಿದರು. "ಹಾಜರಿ ಸಿಕ್ಕಿತು. ಕರಾರು ಮುರಿದಿದೆ."

"ನಾನು ನಿನ್ನೆ ಬಂದಿದ್ದು ಕಣ್ರೀ!" ಎಂದರು ಅತ್ತೆ, ಎರಡು ಕೆಮ್ಮಿನ ನಡುವೆ.

"ಮೂರು ವರ್ಷ ಅಂತ ನಿಮ್ಮ ಅಳಿಯನೇ ಹೇಳಿದ್ದಾನೆ."

"ಅಜ್ಜಿಯನ್ನ ಪ್ರತ್ಯೇಕ ವಾರ್ಡಿಗೆ ಹಾಕಬೇಕು" ಎಂದರು ಅಧಿಕಾರಿಣಿ. "ಮಗುವನ್ನೂ. ರೋಗ ಯಾವುದು ಅಂತ ಗೊತ್ತಾಗೋ ತನಕ ಮನೆಯವರು ಯಾರೂ ಜೊತೆಗೆ ಬರೋ ಹಾಗಿಲ್ಲ."

ಸಹಾಯಕನೊಬ್ಬ ಮಗಳ ಮುಂದೆ ಬಗ್ಗಿ ಕೈ ಚಾಚಿದ. ಹೆಂಡತಿ ಅಡ್ಡ ನಿಂತಳು. ಮಗಳು ಅಪ್ಪನ ಅಂಗಿ ಹಿಡಿದುಕೊಂಡು ಮೇಲೆ ನೋಡಿದಳು. ಏನೂ ಹೇಳಲಿಲ್ಲ, ಹೇಳಬಾರದೆಂದು ಅಪ್ಪನೇ ಕಲಿಸಿದ್ದನಲ್ಲ.

ಒಂದು ಕಡೆ ಊರಾಚೆ, ಅದರಾಚೆ. ಇನ್ನೊಂದು ಕಡೆ ಗುರುತಿಲ್ಲದವರ ನಡುವೆ ಒಂಟಿಯಾಗಿ ಉಸಿರೆಳೆಯುವ ಮಗು. ಜೀವನದಲ್ಲಿ ಮೊದಲ ಸಲ ಕನ್ನಡಕದವನ ಒಂದು ಹೆದರಿಕೆ ಇನ್ನೊಂದು ಹೆದರಿಕೆಯನ್ನು ಎತ್ತಿ ಒಗೆಯಿತು. ಅವನು ಬೀರುವಿಗೆ ಭುಜ ಕೊಟ್ಟು ನೂಕಿದ. ಬೀರು ಅಲ್ಲಾಡಲಿಲ್ಲ. ಹೆಂಡತಿ ಬಂದು ಇನ್ನೊಂದು ಕಡೆ ಹಿಡಿದಳು. ಕಿರ್ರೋ ಎಂದು ನೆಲ ಕೆರೆಯುತ್ತ ಬೀರು ಪಕ್ಕಕ್ಕೆ ಸರಿಯಿತು.

"ಬೂಷ್ಟು!" ಎಂದು ಕೂಗಿದ. ಮೂರು ವರ್ಷ ತಡೆದಿಟ್ಟದ್ದಕ್ಕೋ ಏನೋ, ಬಾಲ್ಕನಿಯಾಚೆಗೂ ಕೇಳಿಸಿತು. "ಇವರೇ ಸಾರ್ ನೆಂಟರು. ಮೂರು ವರ್ಷದಿಂದ ಇಲ್ಲೇ ಇದ್ದಾರೆ. ನಮ್ಮತ್ತೇದು ಏನೂ ತಪ್ಪಿಲ್ಲ. ಹೇಳಿದ್ರೆ ಖಾಲಿ ಮಾಡಿಸ್ತೀರಿ ಅಂತ ಹೆದರಿ ಮುಚ್ಚಿಟ್ಟೆ."

ಗೋಡೆ ಕಂಡಿತು. ಕನ್ನಡಕದವನೇ ಅಷ್ಟು ದಿನ ಪೂರ್ತಿ ನೋಡಿರಲಿಲ್ಲ. ನೆಲದಿಂದ ಆಳೆತ್ತರದವರೆಗೆ ಗಾರೆ ಉಬ್ಬಿ, ಕಪ್ಪು ಹಸಿರಾಗಿ, ಒದ್ದೆಯಾಗಿ ಮಿನುಗುತ್ತಿತ್ತು. ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಅಧಿಕಾರಿಣಿ ಹತ್ತಿರ ಹೋಗಿ, ಬಗ್ಗಿ, ಚಿಕ್ಕ ಚಮಚದಿಂದ ಕೆರೆದು ಸೀಸೆಗೆ ಹಾಕಿಕೊಂಡರು. ಅತ್ತೆಯ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಮಗುವಿನ ಎದೆಗೂ ಇಟ್ಟರು. ಸ್ಟ್ರೆಚರ್ ಮಡಚಲು ಕೈಸನ್ನೆ ಮಾಡಿದರು.

"ಈ ಗೋಡೆ ಪಕ್ಕ ಮಗುವನ್ನ ಮಲಗಿಸಿದ್ದೀರಲ್ಲ, ನಿಮಗೆ ಬುದ್ಧಿ ಇದೆಯೇನ್ರೀ?" ಎಂದು ಮೊದಲು ಕನ್ನಡಕದವನನ್ನು ಗದರಿ, ಹೆಡ್‌ಮೇಷ್ಟ್ರ ಕಡೆ ತಿರುಗಿದರು. "ಮನೆ ನಿಮ್ಮದಾ?"

"ನನ್ನದೇ" ಎಂದರು ಹೆಡ್‌ಮೇಷ್ಟ್ರು. "ಒಂದು ತಿಂಗಳು ಇವರು ಬೇರೆ ಕಡೆ ಇದ್ದರೆ ರಿಪೇರಿ..."

"ಟೈಲರ್‌ಗೂ ಹಾಗೇ ಹೇಳಿದ್ರಿ ಸಾರ್" ಎಂದಿತು ಒಂದು ಧ್ವನಿ. ಅದು ತನ್ನದೇ ಎಂದು ತಿಳಿದು ಕನ್ನಡಕದವನು ಬೆಚ್ಚಿಬಿದ್ದ.

ಹೆಡ್‌ಮೇಷ್ಟ್ರು ಕರಾರುಪತ್ರವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. "ಆ ಮನೆಗೆ ಬಣ್ಣ ಚೆನ್ನಾಗಿ ಬಂದಿತ್ತು" ಎಂದರು ಮೆಲ್ಲಗೆ. "ಜಾಸ್ತಿ ಕೊಡೋರು ಬಂದರು. ಅವನಿಗೊಂದು ಮಾತು ಹೇಳಿ ಕಳಿಸಬೇಕಾಗಿತ್ತು. ಹೇಳಲಿಲ್ಲ."

ಆಗ ಮೆಟ್ಟಿಲಿನಿಂದ ಟೈಪಿಸ್ಟ್ ಅಕ್ಕನ ಧ್ವನಿ ಬಂತು: "ನಮ್ಮನೆಯಲ್ಲೂ ಇದೆ." ಅವರು ಮೇಲಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಕಿರ್ರೋ ಎಂಬ ಸದ್ದು. ಆಮೇಲೆ ಪಕ್ಕದ ಮನೆಯಲ್ಲಿ ಮಂಚ ಎಳೆದ ಸದ್ದು. ಮೇಲೆ ಇನ್ನೊಂದು ಬೀರು, ಕೆಳಗೊಂದು ಟ್ರಂಕು. ಎರಡು ನಿಮಿಷ ಇಡೀ ಕಟ್ಟಡ ಮೈಮುರಿಯುತ್ತಿರುವಂತೆ ಕೇಳಿಸಿತು. ಟೈಲರ್ ಬಿಟ್ಟುಹೋದ ಮನೆಯ ಹೊಸ ಬಾಡಿಗೆದಾರನೂ ಓಡಿಬಂದು, ಬಣ್ಣದ ಕೆಳಗೆ ಮತ್ತೆ ಬಂದಿದೆ ಎಂದ. ಅಧಿಕಾರಿಣಿ ಒಂದೊಂದೇ ಮನೆ ನೋಡಿ ಬಂದರು. ಗೋಡೆಯೊಳಗೆ ತಾರಸಿಯ ನೀರಿನ ಕೊಳವೆ ಒಡೆದಿದೆ, ಮೇಲಿಂದ ಕೆಳಗಿನ ತನಕ ಸೋರುತ್ತಿದೆ ಎಂದರು.

"ಕೊಳವೆ ಬದಲಾಯಿಸಿ, ಗಾರೆ ಕಿತ್ತು ಹೊಸದು ಮಾಡಿಸಬೇಕು. ಆರು ವಾರ ಗಡುವು" ಎಂದು ಬರೆದುಕೊಟ್ಟರು. "ಯಾರನ್ನೂ ಖಾಲಿ ಮಾಡಿಸೋ ಹಾಗಿಲ್ಲ. ಒಂದೊಂದೇ ಕೋಣೆ ತೆರವು ಮಾಡಿಸಿಕೊಂಡು ಕೆಲಸ ಮಾಡಿಸಿ. ಮಗು ಇರೋ ಮನೆಯವರಿಗೆ ಅಲ್ಲಿ ತನಕ ಒಣ ಜಾಗ ಬೇಕು."

"ಮತ್ತೆ ಬಾಡಿಗೆ?" ಎಂದು ಕೇಳಿದವಳು ಕನ್ನಡಕದವನ ಹೆಂಡತಿ. ಐದು ಮನೆಯವರೂ ಮೆಟ್ಟಿಲ ಮೇಲೆ ಒಂದೊಂದು ಹೆಜ್ಜೆ ಮುಂದೆ ಬಂದರು. ಹೆಡ್‌ಮೇಷ್ಟ್ರು ಅವರನ್ನೆಲ್ಲ ನೋಡಿದರು. ಈ ಸಲ ಯಾರೂ ಕೈಕಟ್ಟಿರಲಿಲ್ಲ.

ಟೈಪಿಸ್ಟ್ ಅಕ್ಕ ಮೇಲೆ ಹೋಗಿ ಟಕಟಕನೆ ಒಂದು ಕಾಗದ ಹೊಡೆದು ತಂದರು. ರಿಪೇರಿಗಾಗಿ ಯಾರನ್ನೂ ಬಿಡಿಸುವುದಿಲ್ಲ, ರಿಪೇರಿಯ ನೆಪದಲ್ಲಿ ಬಾಡಿಗೆ ಹೆಚ್ಚಿಸುವುದಿಲ್ಲ, ಟೈಲರ್‌ಗೆ ಮುಂದೆ ಖಾಲಿಯಾಗುವ ಮೊದಲ ಮನೆ, ಹಳೆಯ ಬಾಡಿಗೆಗೇ. ಹೆಡ್‌ಮೇಷ್ಟ್ರು ಅದನ್ನು ಗೋಡೆಗೆ ಒತ್ತಿ ಓದಲು ಹೋಗಿ, ಗೋಡೆ ಒದ್ದೆಯೆಂದು ನೆನಪಾಗಿ ಕನ್ನಡಕದವನ ಬೆನ್ನಿಗೆ ಒತ್ತಿ ಓದಿದರು. ಕನ್ನಡಕದವನು ಉಸಿರು ಬಿಗಿಹಿಡಿದು ಬಗ್ಗಿ ನಿಂತ. ಬೆನ್ನ ಮೇಲೆ ಕೆಂಪು ಪೆನ್ನು ಚುಚ್ಚಿತು.

"ಗೀಟೆಳೆದು ಹೊಡೆದು ಹಾಕಿದರು!" ಎಂದು ಅವನ ಎದೆ ಧಸಕ್ಕೆಂದಿತು.

"'ಹೆಚ್ಚಿಸುವುದಿಲ್ಲ' ಅನ್ನೋದರಲ್ಲಿ ಒತ್ತು ಬಿಟ್ಟುಹೋಗಿದೆ" ಎಂದರು ಹೆಡ್‌ಮೇಷ್ಟ್ರು. ತಿದ್ದಿದರು. ತಿದ್ದಿದ ಕಾಗದಕ್ಕೆ ರುಜು ಹಾಕದೆ ಇರುವುದು ಅವರಿಗೆ ಜೀವನದಲ್ಲಿ ಗೊತ್ತಿರಲಿಲ್ಲ, ಹಾಕಿದರು.

ಕನ್ನಡಕದವನು ಆ ಕಾಗದವನ್ನು ನಂಬಲಿಲ್ಲವೆನ್ನಿ. ಆರು ವಾರವೂ ನಂಬಲಿಲ್ಲ. ಹೆಡ್‌ಮೇಷ್ಟ್ರ ಮನೆಯಲ್ಲಿ ಅವರೇ ಬಿಟ್ಟುಕೊಟ್ಟ ಮುಂಭಾಗದ ಒಣ ಕೋಣೆಯಲ್ಲಿ ಮಗಳು, ಹೆಂಡತಿ ಮಲಗಿದರೆ, ತಾನು ಮಾತ್ರ ಎದುರಿನ ತಮ್ಮ ಖಾಲಿ ಮನೆಯಲ್ಲಿ ಗಾರೆಯ ದೂಳಿನ ನಡುವೆ ಚಾಪೆ ಹಾಸಿ ಮಲಗಿದ, ಬೀಗ ಬದಲಾಯಿಸಿಬಿಟ್ಟರೆ ಎಂದು. ಮೇಸ್ತ್ರಿಯು ಬಣ್ಣ ಯಾವುದು ಎಂದು ಕೇಳಿದಾಗ "ಜಾಸ್ತಿ ಚೆನ್ನಾಗಿ ಕಾಣಬಾರದು" ಎಂದ. ಯಾರೂ ಬೀಗ ಬದಲಾಯಿಸಲಿಲ್ಲ. ಏಳನೆಯ ವಾರ ಬೀರು, ಮಂಚ, ಹೆಂಡತಿ, ಮಗಳು ಎಲ್ಲರೂ ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಕನ್ನಡಕದವನು ತಟ್ಟನೆ ಎಚ್ಚರವಾಗಿ ಕೂತ. ಏನೋ ಇಲ್ಲವಾಗಿತ್ತು. ಕಿವಿಗೊಟ್ಟ. ಮಗಳ ಮಂಚದಿಂದ ಒಂದು ಸದ್ದೂ ಇಲ್ಲ, ಕೆಮ್ಮಿಲ್ಲ, ಸೀಟಿಯಿಲ್ಲ. ತೆವಳಿಕೊಂಡು ಹೋಗಿ ಮಗಳ ಮೂಗಿನ ಹತ್ತಿರ ಬೆರಳಿಟ್ಟ. ಬೆಚ್ಚಗಿನ ಉಸಿರು ಬಂತು, ಹೋಯಿತು. ನಂಬಿಕೆಯಾಗದೆ ಇನ್ನೊಮ್ಮೆ ಇಟ್ಟ. ಮತ್ತೆ ಬಂತು.

ಮಗಳು ಕಣ್ಣು ಬಿಟ್ಟಳು. "ಏನಪ್ಪಾ?"

"ಏನಿಲ್ಲ ಮಗಳೇ. ಮಲಕ್ಕೋ."

ಶಾಲೆಯ ಗಂಟೆ ಆಗಲೇ ಹೊಡೆದಿತ್ತು. ಅಂಗಡಿ ತೆರೆಯುವ ಹೊತ್ತೂ ಮೀರಿತ್ತು. ಅವನು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.